ಜಿಗ್, ಫಿಕ್ಸ್‌ಚರ್, ಮೋಲ್ಡ್: ಪ್ರಿಂಟಾ, ಮಷೀನಿಂಗಾ?

ಎಲ್ರಿಗೂ ನಮಸ್ಕಾರ, ಟೂಲಿಂಗ್ (ಪಾರ್ಟ್ ತಯಾರಿಸೋಕೆ ಬೇಕಾಗೋ ಜಿಗ್, ಫಿಕ್ಸ್‌ಚರ್, ಮೋಲ್ಡ್ ಇಂಥವು) ಎಲ್ಲಾ ತ್ರೀಡಿ ಪ್ರಿಂಟ್ ಮಾಡ್ಬಿಡೋಣ್ವಾ ಅಂತ ಸುಮಾರು ಜನ ಕೇಳ್ತಿದೀರ. ಅಸೆಂಬ್ಲಿ ಜಿಗ್ (ಜೋಡಿಸುವಾಗ ಪಾರ್ಟ್ ಸರಿಯಾದ ಜಾಗದಲ್ಲಿ ಹಿಡಿಯೋ ಸಾಧನ), ಡ್ರಿಲ್ ಗೈಡ್ ಇಂಥವಕ್ಕೆ ಧಾರಾಳವಾಗಿ ಮಾಡಿ, ಹಗುರ ಇರತ್ತೆ, ಡಿಸೈನ್ ಬದಲಾದ್ರೂ ತಲೆನೋವಿಲ್ಲ, ಆದ್ರೆ ಡ್ರಿಲ್ ಓಡೋ ತೂತಿಗೆ ಸ್ಟೀಲ್ ಬುಷ್ (ಚಿಕ್ಕ ಕೊಳವೆ) ಕೂರಿಸೋದು ಮರೀಬೇಡಿ, ಬರೀ ಪ್ಲಾಸ್ಟಿಕ್ ಸವೆದೋಗತ್ತೆ. ಪಿಎಲ್‌ಎ (ಪ್ರಿಂಟಿಂಗ್‌ಗೆ ಸಾಮಾನ್ಯವಾಗಿ ಬಳಸೋ ಪ್ಲಾಸ್ಟಿಕ್) ಅಂತೂ 60 ಡಿಗ್ರಿ ಹತ್ರನೇ ಮೆತ್ತಗಾಗತ್ತೆ, ಬಿಸಿ ಜಾಗಕ್ಕೆ ಬೇಡ್ವೇ ಬೇಡ. 0.02 ಮಿಮೀ ಒಳಗೆ ಟಾಲರೆನ್ಸ್ (ಅಳತೆಯಲ್ಲಿ ಇರಬಹುದಾದ ವ್ಯತ್ಯಾಸ) ಬೇಕಂದ್ರೆ ಸಿಎನ್‌ಸಿನೇ, ಅಂದ್ರೆ ಕಂಪ್ಯೂಟರ್ ನಡೆಸೋ ಮಷೀನಿಂಗೇ.

ನಂಗೆ ನಿಜವಾಗ್ಲೂ ಖುಷಿ ಕೊಡೋದು ಇಂಜೆಕ್ಷನ್ ಮೋಲ್ಡ್ ಇನ್ಸರ್ಟ್ (ಕರಗಿದ ಪ್ಲಾಸ್ಟಿಕ್ ತುಂಬೋ ಅಚ್ಚಿನೊಳಗೆ ಕೂರಿಸೋ ತುಂಡು), ಮೆಟಲ್ ಪ್ರಿಂಟ್‌ನಲ್ಲಿ ಕೂಲಿಂಗ್ ಚಾನೆಲ್ಲು ಕ್ಯಾವಿಟಿ (ಪಾರ್ಟ್ ರೂಪುಗೊಳ್ಳೋ ಖಾಲಿ ಜಾಗ) ಆಕಾರಕ್ಕೆ ತಕ್ಕಂಗೆ ಬಳಸ್ಕೊಂಡು ಹೋಗತ್ತೆ, ಡ್ರಿಲ್‌ನಲ್ಲಿ ನೇರ ತೂತು ಬಿಟ್ರೆ ಬೇರೆ ಆಗಲ್ವಲ್ಲ, ಹಂಗಾಗಿ ಪಾರ್ಟ್ ಬೇಗ ತಣ್ಣಗಾಗಿ ಸೈಕಲ್ ಟೈಮ್ (ಒಂದು ಸಲ ಅಚ್ಚು ಹಾಕೋಕೆ ಹಿಡಿಯೋ ಸಮಯ) ಇಳಿಯತ್ತೆ. ಆದ್ರೂ ಇನ್ಸರ್ಟ್ ಮುಖ, ಫಿಟಿಂಗ್ ಜಾಗ ಆಮೇಲೆ ಮಷೀನ್ ಮಾಡ್ಲೇಬೇಕು, ಅದಕ್ಕೆ ಅಲವೆನ್ಸ್ (ಆಮೇಲೆ ಕತ್ತರಿಸಿ ತೆಗೆಯೋಕೆ ಒಂಚೂರು ಹೆಚ್ಚುವರಿ ಮೆಟಲ್) ಮೊದ್ಲೇ ಬಿಟ್ಟಿರಿ.