ಓಡಿದ ಇಲಿ, ಮರೆತ ಇಲಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಬಂದ ‘ಓಡಿದರೆ ನೆನಪು ಹೆಚ್ಚುತ್ತದೆ’ ಅನ್ನುವ ಮೆಸೇಜ್ ಸುಳ್ಳಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ, ಚಕ್ರದಲ್ಲಿ ಓಡಿದ ಇಲಿಗಳ ಮಿದುಳಲ್ಲಿ ಹೊಸ ನರಕೋಶಗಳು ಜಾಸ್ತಿ ಹುಟ್ಟಿದವು. ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಮಣೆಯ ಜಾಗವನ್ನೂ ಅವು ಬೇಗ ಕಲಿತವು.

ಆದರೆ ಇದು ಅರ್ಧ ಕಥೆ. 2014ರಲ್ಲಿ ಕೆನಡಾದ ಟೊರೊಂಟೊದ ಸಂಶೋಧಕರು ಇಲಿಗಳಿಗೆ ಒಂದು ಪೆಟ್ಟಿಗೆಯಲ್ಲಿ ಕಾಲಿಗೆ ಸಣ್ಣ ಶಾಕ್ ಕೊಟ್ಟರು. ಆಮೇಲೆ ಕೆಲವಕ್ಕೆ ವಾರಗಟ್ಟಲೆ ಓಡಲು ಬಿಟ್ಟರು. ಮತ್ತೆ ಅದೇ ಪೆಟ್ಟಿಗೆಗೆ ಹಾಕಿದಾಗ ಓಡದ ಇಲಿಗಳು ಹೆದರಿ ಮರಗಟ್ಟಿ ನಿಂತವು. ಓಡಿದವು ಅಷ್ಟು ಹೆದರಲಿಲ್ಲ, ಮರೆತಿದ್ದವು! ಹೊಸ ಕೋಶಗಳು ನುಸುಳಿ ಹಳೆಯ ಜೋಡಣೆ ಕದಡುತ್ತವೆ ಅಂತ ಅವರ ವಿವರಣೆ. ಕಲಿಯುವ ಮೊದಲು ಓಡಿದ್ದೋ, ಕಲಿತ ಮೇಲೋ ಅನ್ನುವುದೇ ಮುಖ್ಯ ಅಲ್ವಾ?

ಮೆಸೇಜ್ ಮುಂದೆ ಕಳಿಸುವವರು ದಯವಿಟ್ಟು ಇದನ್ನೂ ಸೇರಿಸಿ. ‘ಇಲಿಗಳಲ್ಲಿ’ ಅನ್ನುವ ಪದ ಬಿಡಬೇಡಿ.