ಶ್ರೀಲಂಕಾ ಪ್ರವಾಸ: ಮೊದಲು ತಿಂಗಳು ಗೊತ್ತುಮಾಡೋಣ

ಎಲ್ಲರಿಗೂ ನಮಸ್ಕಾರ. ಶ್ರೀಲಂಕಾ ಪ್ರವಾಸಕ್ಕೆ ಹೆಸರು ಕೊಟ್ಟವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಟಿಕೆಟ್ ಕಾಯ್ದಿರಿಸುವ ಮೊದಲು ತಿಂಗಳು ನಿರ್ಧಾರವಾಗಬೇಕು.

ಅಲ್ಲಿ ಎರಡು ದಿಕ್ಕಿನಿಂದ ಮಳೆ ಬರುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಕೊಲಂಬೊ, ಗಾಲೆ, ಮಿರಿಸ್ಸಾ ಕರಾವಳಿಯನ್ನು ತೋಯಿಸುತ್ತದೆ. ನಡುವಿನ ಬೆಟ್ಟಗಳು ಆ ಮೋಡಗಳನ್ನು ತಡೆಯುವುದರಿಂದ ಅದೇ ಹೊತ್ತಿನಲ್ಲಿ ಪೂರ್ವದ ಟ್ರಿಂಕೋಮಲಿಯಲ್ಲಿ ಬಿಸಿಲು, ಶಾಂತ ಕಡಲು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈಶಾನ್ಯ ಮಾರುತ ಬೀಸುವಾಗ ಇದು ತಿರುವುಮುರುವು. ಅಕ್ಟೋಬರ್, ನವೆಂಬರ್ ಮಾತ್ರ ಬೇಡವೇ ಬೇಡ. ಆಗ ದ್ವೀಪದ ಬಹುಪಾಲು ಕಡೆ ಗುಡುಗು ಮಳೆ, ಚಂಡಮಾರುತದ ಭಯ ಬೇರೆ.

ನಮ್ಮ ಮುಂದಿರುವ ಆಯ್ಕೆಗಳು:

1. ಮಾರ್ಚ್: ಗಾಲೆ ಕೋಟೆ, ಮಿರಿಸ್ಸಾದಲ್ಲಿ ದೋಣಿಯೇರಿ ತಿಮಿಂಗಿಲ ನೋಡುವುದು, ನುವಾರ ಎಲಿಯದ ಚಹಾ ತೋಟಗಳು. ಶ್ರೀಪಾದ ಬೆಟ್ಟ ಹತ್ತುವ ಕಾಲವೂ ಅದೇ.
2. ಆಗಸ್ಟ್: ಟ್ರಿಂಕೋಮಲಿಯ ಕಡಲತೀರ ಮತ್ತು ಮಿನ್ನೇರಿಯಾ. ನೀರು ಇಳಿದ ಆ ಕೆರೆಯಂಗಳಕ್ಕೆ ನೂರಾರು ಆನೆಗಳು ಮೇಯಲು ಬರುತ್ತವೆ!

ಆನೆಗಳ ಆಸೆ ನನಗೂ ಬಹಳ ಇದೆ. ಆದರೂ ನನ್ನ ಒಲವು ಮಾರ್ಚ್ ಕಡೆಗೆ. ಆಗಸ್ಟ್‌ನಲ್ಲಿ ಚಹಾ ಬೆಟ್ಟಗಳು ಮಂಜು ಮಳೆಯಲ್ಲಿ ಮುಚ್ಚಿಹೋಗಬಹುದು, ನಮ್ಮ ಜೊತೆ ಬರುವ ಹಿರಿಯರಿಗೆ ಒದ್ದೆ ದಾರಿ ಕಷ್ಟ. ಮಕ್ಕಳ ಪರೀಕ್ಷೆ ಅಡ್ಡ ಬರುವವರು ಸಂಕೋಚವಿಲ್ಲದೆ ಹೇಳಿ, ದಿನಾಂಕ ಹಿಂದೆಮುಂದೆ ಮಾಡೋಣ.

ಭಾನುವಾರ ರಾತ್ರಿ 9ರೊಳಗೆ 1 ಅಥವಾ 2 ಎಂದು, ಜೊತೆಗೆ ಎಷ್ಟು ಜನ ಎಂಬುದನ್ನೂ ಇಲ್ಲಿಯೇ ಬರೆಯಿರಿ. ಪಾಸ್‌ಪೋರ್ಟ್ ಅವಧಿ ಪ್ರಯಾಣದ ದಿನದಿಂದ ಇನ್ನೂ 6 ತಿಂಗಳು ಇದೆಯೇ ಎಂದು ಇಂದೇ ನೋಡಿಕೊಳ್ಳಿ.