ಬಿಸಿಲಿದ್ದರೂ ನಿಂತ ಫ್ಯಾನು

ಮಾನ್ಯರೇ,

ಪುಣೆಯ ಚಿಂಚವಡದ ನಮ್ಮ ಮನೆಯ ತಾರಸಿಯ ಮೇಲೆ ಕಳೆದ ವರ್ಷ 3 ಕಿಲೋವಾಟ್ ಸಾಮರ್ಥ್ಯದ ಸೌರಫಲಕಗಳನ್ನು ಹಾಕಿಸಿದೆವು. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಡಿ ಇದಕ್ಕೆ 78,000 ರೂಪಾಯಿ ಸಹಾಯಧನವಿದ್ದು, ಅದು ಖಾತೆಗೂ ಬಂತು.

ಆದರೆ ಫಲಕ ಹಾಕಿದವರು ಒಂದು ಮಾತು ಹೇಳಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋದಾಗ, ನೆತ್ತಿ ಸುಡುವ ಬಿಸಿಲಿದ್ದರೂ ನಮ್ಮ ಫ್ಯಾನು ನಿಂತುಹೋಯಿತು. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುತ್ತಿದ್ದ ಅಮ್ಮ, ‘ಇಷ್ಟು ಬಿಸಿಲಿದೆಯಲ್ಲ, ಇದಕ್ಕೇನಾಯಿತು?’ ಎಂದರು. ವಿದ್ಯುತ್ ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆಯಲ್ಲಿ ಹೊರಗಿನ ತಂತಿಯ ವಿದ್ಯುತ್ ನಿಂತ ಕೂಡಲೇ, ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಕೂಡ ತಾನಾಗಿ ನಿಲ್ಲುತ್ತದೆ. ಇಲ್ಲವಾದರೆ ನಮ್ಮ ತಾರಸಿಯಿಂದ ಹರಿಯುವ ವಿದ್ಯುತ್ತು, ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್ ಪ್ರಾಣಕ್ಕೆ ಎರವಾದೀತು. ಏರ್ಪಾಡು ಸರಿಯೇ; ಮಾರುವಾಗ ಅದನ್ನು ಮುಚ್ಚಿಡುವುದು ಸರಿಯಲ್ಲ.

ಮಳೆಗಾಲದಲ್ಲಿ ಉತ್ಪಾದನೆ ಇಳಿಯುತ್ತದೆ, ನಿಜ. ಬೇಸಿಗೆಯಲ್ಲಿ ಜಾಲಕ್ಕೆ ಕೊಟ್ಟ ಹೆಚ್ಚುವರಿ ಯೂನಿಟ್‌ಗಳು ನೆಟ್ ಮೀಟರ್ ಲೆಕ್ಕದಲ್ಲಿ ಮುಂದಿನ ಬಿಲ್ಲುಗಳಿಗೆ ಜಮೆಯಾಗುವುದರಿಂದ ಆ ಕೊರತೆ ನಮಗೆ ಅಷ್ಟಾಗಿ ತಟ್ಟಲಿಲ್ಲ. (ಕೊಳವೆಬಾವಿಯ ಗಡಸು ನೀರಿನಿಂದ ಫಲಕ ತೊಳೆದು ಗಾಜಿನ ತುಂಬ ಬಿಳಿ ಕಲೆ ಮಾಡಿಕೊಂಡದ್ದು ಮಾತ್ರ ನಮ್ಮದೇ ತಪ್ಪು.)

ಕರೆಂಟು ಹೋದಾಗ ಈ ವ್ಯವಸ್ಥೆ ನಡೆಯುವುದಿಲ್ಲವೆಂಬುದನ್ನೂ, ಆಗಲೂ ನಡೆಯುವ ಬ್ಯಾಟರಿಸಹಿತ ಹೈಬ್ರಿಡ್ ಇನ್ವರ್ಟರಿಗೆ ತಗಲುವ ಹೆಚ್ಚಿನ ವೆಚ್ಚವನ್ನೂ ಗುತ್ತಿಗೆದಾರರು ಗ್ರಾಹಕರ ಭಾಷೆಯಲ್ಲೇ ಕರಾರುಪತ್ರದಲ್ಲಿ ಬರೆದುಕೊಡುವಂತೆ ಸಂಬಂಧಪಟ್ಟವರು ಕಡ್ಡಾಯ ಮಾಡಬೇಕೆಂದು ವಿನಂತಿ.

– ಓದುಗ, ಚಿಂಚವಡ, ಪುಣೆ